ಓದುಗರ ಪ್ರಶ್ನೆ: ಲಿಕ್ವಿಡೇಶನ್ ಬೆಲೆಯ ಹಿಂದಿನ ಲೆಕ್ಕ

ವಿಕೇಂದ್ರಿತ ವಿನಿಮಯಗಳಲ್ಲಿ, ಅಂದರೆ ಬ್ಲಾಕ್‌ಚೈನ್ ಮೇಲೆ ನಡೆಯುವ ಕ್ರಿಪ್ಟೊ ಪೇಟೆಗಳಲ್ಲಿ, ಪರ್ಪೆಚುವಲ್ ಫ್ಯೂಚರ್ಸ್ (ಚಿಕ್ಕದಾಗಿ ಪರ್ಪ್) ವ್ಯವಹಾರ ಮಾಡುವ ಓದುಗರು ಕಳಿಸಿದ ಪ್ರಶ್ನೆಗಳು ಈ ಬಾರಿಯ ಅಂಕಣದಲ್ಲಿವೆ. ಪರ್ಪ್ ಅಂದರೆ ನಾಣ್ಯವನ್ನೇ ಕೊಳ್ಳದೆ ಅದರ ಬೆಲೆಯ ಏರಿಳಿತದ ಮೇಲೆ ಕಟ್ಟುವ, ಮುಗಿಯುವ ದಿನವಿಲ್ಲದ ಒಪ್ಪಂದ. ಹೀಗೆ ಕಟ್ಟಿದ್ದು ಪೊಸಿಷನ್, ಅದಕ್ಕೆ ಇಡುವ ಸ್ವಂತ ಹಣ ಮಾರ್ಜಿನ್, ಪೊಸಿಷನ್ ಆ ಹಣದ ಎಷ್ಟು ಪಟ್ಟು ಅನ್ನುವುದು ಲೆವರೇಜ್. ಬೆಲೆ ಏರುತ್ತದೆ ಎಂದು ಕಟ್ಟುವುದು ಲಾಂಗ್, ಇಳಿಯುತ್ತದೆ ಎಂದು ಕಟ್ಟುವುದು ಶಾರ್ಟ್. ಮಾರ್ಜಿನ್ ಸಾಲದಾದಾಗ ವೇದಿಕೆಯೇ ಪೊಸಿಷನ್ ಮುಚ್ಚುವುದು ಲಿಕ್ವಿಡೇಶನ್. ಉದಾಹರಣೆಗಳಿಗೆ ಹೆಚ್ಚಾಗಿ ಹೈಪರ್‌ಲಿಕ್ವಿಡ್ ಮತ್ತು ಜಿಎಮ್‌ಎಕ್ಸ್ ಎಂಬ ಎರಡು ವೇದಿಕೆಗಳನ್ನು ಬಳಸಿದ್ದೇವೆ. ಮೊದಲನೆಯದು ಆರ್ಡರ್ ಬುಕ್ (ಕೊಳ್ಳುವವರ ಮತ್ತು ಮಾರುವವರ ಆರ್ಡರ್‌ಗಳ ಪಟ್ಟಿ) ಮೇಲೆ ನಡೆಯುತ್ತದೆ, ಎರಡನೆಯದು ಪೂಲ್ (ಜನ ಒಟ್ಟಾಗಿ ಹಾಕಿಟ್ಟ ಹಣ) ಮೇಲೆ. ಇವೆರಡೂ ಅರ್ಥವಾದರೆ ಉಳಿದ ವೇದಿಕೆಗಳ ನಿಯಮ ಪುಟವನ್ನು ನೀವೇ ಓದಿಕೊಳ್ಳಬಹುದು. ಇಲ್ಲಿ ಕೊಟ್ಟಿರುವ ಮಿತಿ ಮತ್ತು ಶುಲ್ಕಗಳು ಬದಲಾಗುತ್ತಿರುತ್ತವೆ. ಹಣ ಹಾಕುವ ದಿನ ಒಮ್ಮೆ ತಾಳೆ ನೋಡಿಕೊಳ್ಳಿ.

ಪ್ರಶ್ನೆ: ಈಥರ್ ನಾಣ್ಯ 3,000 ಡಾಲರ್ ಇದ್ದಾಗ 300 ಡಾಲರ್ ಮಾರ್ಜಿನ್ ಇಟ್ಟು 10 ಪಟ್ಟು ಲೆವರೇಜ್‌ನಲ್ಲಿ ಲಾಂಗ್ ಹೋದೆ. 10 ಪಟ್ಟು ಅಂದರೆ ಶೇ 10 ಬಿದ್ದಾಗ ತಾನೇ ದುಡ್ಡು ಹೋಗಬೇಕು? ಶೇ 8 ಚಿಲ್ಲರೆ ಬಿದ್ದಾಗಲೇ ಲಿಕ್ವಿಡೇಟ್ ಆಯಿತು. ಇದು ಮೋಸವಲ್ಲವೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಮೋಸವಲ್ಲ. ಆದರೆ ಪೊಸಿಷನ್ ತೆಗೆಯುವ ಮೊದಲೇ ತಿಳಿದಿರಬೇಕಾಗಿದ್ದ ಸಂಗತಿ. ನಿಮ್ಮ 300 ಡಾಲರ್ ಪೂರ್ತಿ ಕರಗುವವರೆಗೆ ವೇದಿಕೆ ಕಾಯುವುದಿಲ್ಲ. ಕಾದರೆ, ಮಾರಾಟ ಮುಗಿಯುವಷ್ಟರಲ್ಲಿ ಬೆಲೆ ಇನ್ನಷ್ಟು ಬಿದ್ದು, ನಿಮ್ಮ ಸಾಲ ಬೇರೆಯವರ ತಲೆಗೆ ಬರುತ್ತದೆ. ಬ್ಯಾಂಕಿನಂತೆ ನೋಟಿಸು ಕೊಟ್ಟು ವಸೂಲಿ ಮಾಡಲು ಇಲ್ಲಿ ದಾರಿಯಿಲ್ಲ, ನಿಮ್ಮ ವಾಲೆಟ್ಟಿನ ಹಿಂದೆ ಯಾರಿದ್ದಾರೆ ಎಂಬುದೇ ಪ್ರೋಟೊಕಾಲ್‌ಗೆ ಗೊತ್ತಿಲ್ಲ. ಹಾಗಾಗಿ ಸ್ವಲ್ಪ ಹಣ ಉಳಿದಿರುವಾಗಲೇ ಪೊಸಿಷನ್ ಕೈಗೆತ್ತಿಕೊಳ್ಳುತ್ತದೆ. ಆ ಕನಿಷ್ಠ ಮೊತ್ತವೇ ಮೇಂಟೆನೆನ್ಸ್ ಮಾರ್ಜಿನ್.

ಹೈಪರ್‌ಲಿಕ್ವಿಡ್‌ನಲ್ಲಿ ಇದು ಆ ನಾಣ್ಯಕ್ಕೆ ಅನುಮತಿಸಿದ ಗರಿಷ್ಠ ಲೆವರೇಜ್ ಕೇಳುವ ಮಾರ್ಜಿನ್‌ನ ಅರ್ಧ. ಈಥರ್‌ಗೆ ಗರಿಷ್ಠ 25 ಪಟ್ಟು, ಅಂದರೆ ಶೇ 4 ಮಾರ್ಜಿನ್. ಅದರ ಅರ್ಧ ಶೇ 2. ನೀವು ಆರಿಸಿಕೊಂಡದ್ದು 10 ಪಟ್ಟೇ ಆಗಲಿ, 3 ಪಟ್ಟೇ ಆಗಲಿ, ಈ ಶೇ 2 ಬದಲಾಗುವುದಿಲ್ಲ. ಈಗ ಲೆಕ್ಕ ಹಾಕೋಣ. ಬೆಲೆ 2,755 ಡಾಲರ್‌ಗೆ ಇಳಿದಾಗ ನಷ್ಟ 245, ಕೈಯಲ್ಲಿ ಉಳಿದದ್ದು 55. ಆ ಬೆಲೆಯ ಶೇ 2 ಕೂಡ 55. ಎರಡೂ ಸಮವಾದ ಆ ಬಿಂದುವೇ ನಿಮ್ಮ ಲಿಕ್ವಿಡೇಶನ್ ಬೆಲೆ. ಶೇ 8.2ರಷ್ಟು ಇಳಿಕೆ. ಟ್ರೇಡಿಂಗ್ ಶುಲ್ಕವೂ ಕಳೆಯುವುದರಿಂದ ಅದು ಇನ್ನೂ ಒಂದೆರಡು ಡಾಲರ್ ಮೇಲಿರುತ್ತದೆ.

ಇಲ್ಲೇ ಇನ್ನೊಂದು ಮಾತು. ಸಣ್ಣ ನಾಣ್ಯಗಳಿಗೆ ಗರಿಷ್ಠ ಲೆವರೇಜ್ 3 ಪಟ್ಟು ಅಂತ ಇರುವುದನ್ನು ನೋಡಿ, ‘3 ಪಟ್ಟು ತಾನೇ, ಮೂರನೇ ಒಂದು ಭಾಗ ಬಿದ್ದರಷ್ಟೇ ಅಪಾಯ’ ಎಂದುಕೊಳ್ಳುವವರು ಬಹಳ. ಅಲ್ಲಿ ಮೇಂಟೆನೆನ್ಸ್ ಮಾರ್ಜಿನ್ ಶೇ 16.7. ಪೂರ್ತಿ 3 ಪಟ್ಟು ಲಾಂಗ್ ಹೋದವರು ಬೆಲೆ ಶೇ 20 ಬಿದ್ದ ಕೂಡಲೇ ಹೊರಗೆ ಬೀಳುತ್ತಾರೆ. ಸಣ್ಣ ನಾಣ್ಯಕ್ಕೆ ಶೇ 20 ಅಂದರೆ ಒಂದು ಮಧ್ಯಾಹ್ನದ ಕೆಲಸ. ಇನ್ನೊಂದು ತುದಿಯಲ್ಲಿ, ಬಿಟ್‌ಕಾಯಿನ್ ಮೇಲೆ 40 ಪಟ್ಟು ತೆಗೆದುಕೊಂಡವರಿಗೆ ಇರುವ ಜಾಗ ಶೇ 1.27 ಮಾತ್ರ. 1,00,000 ಡಾಲರ್‌ಗೆ ಕೊಂಡರೆ 98,734ಕ್ಕೆ ಆಟ ಮುಗಿಯಿತು.

ಪ್ರಶ್ನೆ: ಲಿಕ್ವಿಡೇಟ್ ಆದ ಮೇಲೆ ಒಮ್ಮೆ ಸ್ವಲ್ಪ ಹಣ ವಾಪಸ್ ಉಳಿಯಿತು, ಇನ್ನೊಮ್ಮೆ ಒಂದು ಪೈಸೆಯೂ ಉಳಿಯಲಿಲ್ಲ. ಒಂದೇ ವೇದಿಕೆ, ಒಂದೇ ನಾಣ್ಯ. ಯಾಕೆ ಹೀಗೆ?
— ಮೈಸೂರಿನ ಓದುಗರು

ಉತ್ತರ: ಲಿಕ್ವಿಡೇಶನ್ ಅನ್ನುವುದು ಒಂದೇ ಏಟಿನ ಕೆಲಸವಲ್ಲ. ಅದಕ್ಕೆ ಮೆಟ್ಟಿಲುಗಳಿವೆ. ನೀವು ಮೊದಲ ಸಲ ಮೊದಲ ಮೆಟ್ಟಿಲಲ್ಲೇ ನಿಂತಿರಿ, ಎರಡನೇ ಸಲ ಕೆಳಗಿನದಕ್ಕೆ ಜಾರಿದಿರಿ.

ಮೇಲಿನ ಈಥರ್ ಲೆಕ್ಕವನ್ನೇ ಮುಂದುವರಿಸೋಣ. 2,755ಕ್ಕೆ ಬಂದಾಗ ಹೈಪರ್‌ಲಿಕ್ವಿಡ್ ಮೊದಲು ನಿಮ್ಮ ಪೊಸಿಷನ್ನನ್ನು ಎಲ್ಲರೂ ವ್ಯವಹರಿಸುವ ಆರ್ಡರ್ ಬುಕ್‌ಗೇ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ತಕ್ಷಣ ಮುಗಿಸುವ ಆರ್ಡರ್) ಆಗಿ ಕಳಿಸುತ್ತದೆ. ಕೊಳ್ಳುವವರು ಹತ್ತಿರದಲ್ಲೇ ಸಿಕ್ಕರೆ ಪೊಸಿಷನ್ ಮುಗಿಯುತ್ತದೆ, ಉಳಿದ 50 ಚಿಲ್ಲರೆ ಡಾಲರ್ ನಿಮ್ಮದೇ. ಪೊಸಿಷನ್ 1,00,000 ಡಾಲರ್ ಮೀರಿದ್ದರೆ ಮೊದಲು ಅದರ ಶೇ 20 ಮಾತ್ರ ಬುಕ್‌ಗೆ ಹೋಗುತ್ತದೆ, ಆಮೇಲೆ 30 ಸೆಕೆಂಡಿನ ಬಿಡುವು. ದೊಡ್ಡ ಪೊಸಿಷನ್ ಒಂದೇ ಸಲ ಬುಕ್‌ಗೆ ಬಿದ್ದು ಬೆಲೆಯನ್ನೇ ಕೆಡವಬಾರದು ಎಂಬುದಕ್ಕೆ ಈ ಏರ್ಪಾಟು.

ಬುಕ್ ತೆಳ್ಳಗಿದ್ದರೆ ಅಥವಾ ಬೆಲೆ ಧುಮುಕುತ್ತಿದ್ದರೆ ಎರಡನೇ ಮೆಟ್ಟಿಲು ಬರುತ್ತದೆ. ನಿಮ್ಮ ಈಕ್ವಿಟಿ, ಅಂದರೆ ನಷ್ಟ ಕಳೆದು ಉಳಿದ ಹಣ, ಮೇಂಟೆನೆನ್ಸ್ ಮಾರ್ಜಿನ್‌ನ ಮೂರನೇ ಎರಡು ಭಾಗಕ್ಕಿಂತ ಕೆಳಗೆ ಹೋದರೆ, ಅಂದರೆ ನಮ್ಮ ಉದಾಹರಣೆಯಲ್ಲಿ ಬೆಲೆ 2,736ರ ಆಸುಪಾಸಿಗೆ ಬಂದರೆ, ಪೊಸಿಷನ್ ಹೈಪರ್‌ಲಿಕ್ವಿಡ್‌ನ ಎಚ್‌ಎಲ್‌ಪಿ ಎಂಬ ಸಾಮೂಹಿಕ ನಿಧಿಯ ಲಿಕ್ವಿಡೇಟರ್ ಕೈಗೆ ಹೋಗುತ್ತದೆ. ಉಳಿದ ಮಾರ್ಜಿನ್ ಕೂಡ ಅದರ ಜೊತೆಗೇ ಹೋಗುತ್ತದೆ. ಆ ನಿಧಿ ಹೊತ್ತುಕೊಳ್ಳುವ ಅಪಾಯಕ್ಕೆ ಅದೇ ಸಂಭಾವನೆ. ನಿಮ್ಮ 50 ಡಾಲರ್ ಉಳಿಯುವುದಕ್ಕೂ ಹೋಗುವುದಕ್ಕೂ ನಡುವೆ ಇದ್ದ ಅಂತರ 19 ಡಾಲರ್ ಬೆಲೆ ಚಲನೆ.

ಕ್ರಾಸ್ ಮಾರ್ಜಿನ್ (ಎಲ್ಲ ಪೊಸಿಷನ್‌ಗಳಿಗೂ ಒಂದೇ ಮಾರ್ಜಿನ್) ಬಳಸುವವರು ಇದನ್ನು ಎರಡು ಸಲ ಓದಿ. ಐಸೊಲೇಟೆಡ್‌ನಲ್ಲಿ ಹೋಗುವುದು ಆ ಒಂದು ಪೊಸಿಷನ್ ಮತ್ತು ಅದಕ್ಕೆ ಕಟ್ಟಿಟ್ಟ ಮಾರ್ಜಿನ್. ಕ್ರಾಸ್‌ನಲ್ಲಿ ಎರಡನೇ ಮೆಟ್ಟಿಲಿಗೆ ಬಂದರೆ ಕ್ರಾಸ್‌ನಲ್ಲಿರುವ ಎಲ್ಲ ಪೊಸಿಷನ್‌ಗಳೂ ಎಲ್ಲ ಮಾರ್ಜಿನ್ನೂ ಒಟ್ಟಿಗೆ ಹೋಗುತ್ತವೆ. ಲಾಭದಲ್ಲಿದ್ದ ಪೊಸಿಷನ್ ಕೂಡ ಅದರಲ್ಲಿ ಸೇರಿರುತ್ತದೆ.

ಪ್ರಶ್ನೆ: ಚಾರ್ಟ್‌ನಲ್ಲಿ ಬೆಲೆ ನನ್ನ ಲಿಕ್ವಿಡೇಶನ್ ಬೆಲೆಯನ್ನು ಮುಟ್ಟಲೇ ಇಲ್ಲ. ಸ್ಕ್ರೀನ್‌ಶಾಟ್ ಇದೆ. ಆದರೂ ಹೋಯಿತು.
— ಮಂಗಳೂರಿನ ಓದುಗರು

ಉತ್ತರ: ನೀವು ನೋಡಿದ್ದು ಕೊನೆಯ ವಹಿವಾಟಿನ ಬೆಲೆ. ಲಿಕ್ವಿಡೇಶನ್ ನಡೆಯುವುದು ಮಾರ್ಕ್ ಪ್ರೈಸ್ ಮೇಲೆ. ಇವೆರಡೂ ಬೇರೆ. ಹೆಚ್ಚಿನ ವೇದಿಕೆಗಳ ಚಾರ್ಟ್‌ನಲ್ಲಿ ಮಾರ್ಕ್ ಬೆಲೆಯ ಗೆರೆಯನ್ನು ಆನ್ ಮಾಡಿಕೊಳ್ಳುವ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ ಆ ನಿಮಿಷಕ್ಕೆ ಹೋಗಿ ನೋಡಿ.

ಕೊನೆಯ ವಹಿವಾಟನ್ನೇ ನಂಬಿದರೆ ಏನಾಗುತ್ತದೆ? ತೆಳ್ಳಗಿನ ಬುಕ್‌ನಲ್ಲಿ ಯಾರೋ ಒಬ್ಬರು ಬೇಕೆಂದೇ ಒಂದು ದೊಡ್ಡ ಮಾರಾಟದ ಆರ್ಡರ್ ಹಾಕಿ ಒಂದು ಕ್ಷಣ ಬೆಲೆ ಕೆಡವಿದರೆ ನೂರಾರು ಜನರ ಪೊಸಿಷನ್ ಹಾರಿಹೋಗುತ್ತದೆ. ಅದನ್ನು ತಡೆಯಲು ಮಾರ್ಕ್ ಪ್ರೈಸ್‌ಗೆ ಹಲವು ಮೂಲಗಳನ್ನು ಬೆರೆಸುತ್ತಾರೆ. ಹೈಪರ್‌ಲಿಕ್ವಿಡ್‌ನಲ್ಲಿ ಮೂರು ಅಂಕಿಗಳ ನಡುವಿನದನ್ನು ತೆಗೆದುಕೊಳ್ಳುತ್ತಾರೆ. ಒಂದು, ಹೊರಗಿನ ಸ್ಪಾಟ್ (ನಾಣ್ಯವನ್ನೇ ಕೊಂಡು ಮಾರುವ) ಮಾರುಕಟ್ಟೆಗಳಿಂದ ಬರುವ ಒರಾಕಲ್ ಬೆಲೆಗೆ ತಮ್ಮ ಬುಕ್‌ನ ಇತ್ತೀಚಿನ ಸರಾಸರಿ ವ್ಯತ್ಯಾಸ ಸೇರಿಸಿದ್ದು. ಎರಡು, ತಮ್ಮದೇ ಬುಕ್‌ನ ಬಿಡ್ (ಕೊಳ್ಳುವವರ ಅತಿ ಹೆಚ್ಚಿನ ಬೆಲೆ), ಆಸ್ಕ್ (ಮಾರುವವರ ಅತಿ ಕಡಿಮೆ ಬೆಲೆ), ಕೊನೆಯ ವಹಿವಾಟು ಈ ಮೂರರ ಮಧ್ಯದ್ದು. ಮೂರು, ದೊಡ್ಡ ಕೇಂದ್ರೀಕೃತ ವಿನಿಮಯಗಳ ಪರ್ಪ್ ಬೆಲೆ. ಒರಾಕಲ್ ಬೆಲೆಯನ್ನು ವ್ಯಾಲಿಡೇಟರ್‌ಗಳು (ವೇದಿಕೆಯ ಬ್ಲಾಕ್‌ಚೈನ್ ನಡೆಸುವವರು) ಸುಮಾರು 3 ಸೆಕೆಂಡಿಗೊಮ್ಮೆ ಪ್ರಕಟಿಸುತ್ತಾರೆ. ಮೂರರಲ್ಲಿ ಒಂದು ಕೆಟ್ಟರೂ ಉಳಿದೆರಡು ಎಳೆದು ಹಿಡಿಯುತ್ತವೆ. ಅದೇ ರೀತಿ, ಹೊರಗಿನ ಮಾರುಕಟ್ಟೆಗಳು ಬಿದ್ದು ನಿಮ್ಮ ಬುಕ್‌ನಲ್ಲಿ ಆ ಕ್ಷಣ ವಹಿವಾಟೇ ನಡೆಯದಿದ್ದರೂ ಮಾರ್ಕ್ ಇಳಿಯುತ್ತದೆ. ನಿಮಗೆ ಆದದ್ದು ಬಹುಶಃ ಇದೇ.

ಒಂದೇ ಮೂಲದ ಬೆಲೆ ನಂಬಿದರೆ ಆಗುವ ಅನಾಹುತಕ್ಕೆ 2025ರ ಅಕ್ಟೋಬರ್ 10 ಸಾಕ್ಷಿ. ಅಂದು ಯುಎಸ್‌ಡಿಇ ಎಂಬ ಡಾಲರ್ ನಾಣ್ಯ ಬೈನಾನ್ಸ್ ಎಂಬ ಕೇಂದ್ರೀಕೃತ ವಿನಿಮಯದ ಬುಕ್‌ನಲ್ಲಿ 0.65ರ ಹತ್ತಿರಕ್ಕೆ ಬಿತ್ತು. ಬೇರೆ ಕಡೆ ಅದು 1 ಡಾಲರ್‌ನ ಆಸುಪಾಸಿನಲ್ಲೇ ಇತ್ತು. ಬೈನಾನ್ಸ್‌ನಲ್ಲಿ ಅದನ್ನು ಅಡಮಾನವಾಗಿ ಇಟ್ಟಿದ್ದವರ ಮಾರ್ಜಿನ್ ಆ ಒಂದು ಬುಕ್‌ನ ಬೆಲೆಯಲ್ಲೇ ಲೆಕ್ಕವಾಯಿತು.

ಪ್ರಶ್ನೆ: ಸ್ಟಾಪ್‌ಲಾಸ್ ಹಾಕಿದ್ದರೂ ಲಿಕ್ವಿಡೇಶನ್ ಆಗಬಹುದೇ?

ಉತ್ತರ: ಆಗಬಹುದು. ಸ್ಟಾಪ್‌ಲಾಸ್ ಅಂದರೆ ಬೆಲೆ ಇಷ್ಟಕ್ಕೆ ಬಂದರೆ ಪೊಸಿಷನ್ ಮುಚ್ಚು ಎಂದು ಮೊದಲೇ ಹಾಕಿಡುವ ಆರ್ಡರ್. ಸ್ಟಾಪ್ ಲಿಮಿಟ್ (ಇಂತಿಷ್ಟಕ್ಕಿಂತ ಕಡಿಮೆಗೆ ಮಾರಬೇಡ ಎನ್ನುವುದು) ಹಾಕಿದ್ದರೆ, ಬೆಲೆ ನಿಮ್ಮ ಲಿಮಿಟ್ಟನ್ನು ಹಾರಿ ಕೆಳಗೆ ಹೋದಾಗ ಆರ್ಡರ್ ಹಾಗೇ ಬುಕ್‌ನಲ್ಲಿ ಉಳಿಯುತ್ತದೆ, ಯಾರೂ ಕೊಳ್ಳುವುದಿಲ್ಲ. ಸ್ಟಾಪ್ ಮಾರ್ಕೆಟ್ ಹಾಕಿದರೆ ಆ ತೊಂದರೆ ಕಡಿಮೆ. ಹೈಪರ್‌ಲಿಕ್ವಿಡ್‌ನಲ್ಲಿ ಅದಕ್ಕೆ ಶೇ 10ರವರೆಗೆ ಸ್ಲಿಪೇಜ್ (ಬಯಸಿದ ಬೆಲೆಗೂ ಸಿಕ್ಕ ಬೆಲೆಗೂ ಇರುವ ಅಂತರ) ಸಹಿಸುವ ಮಿತಿ ಇದೆ. ಸ್ಟಾಪ್ ಕೂಡ ಮಾರ್ಕ್ ಪ್ರೈಸ್ ಮೇಲೆಯೇ ಚಾಲನೆಯಾಗುತ್ತದೆ ಎಂಬುದು ನೆನಪಿರಲಿ. ಲಿಕ್ವಿಡೇಶನ್ ಬೆಲೆಗೆ ಅಂಟಿಕೊಂಡಂತೆ ಸ್ಟಾಪ್ ಇಡುವುದು ಇಡದಿದ್ದ ಹಾಗೆಯೇ. 2,755 ಲಿಕ್ವಿಡೇಶನ್ ಇರುವಾಗ 2,765ಕ್ಕೆ ಸ್ಟಾಪ್ ಇಟ್ಟರೆ ಒಂದು ಜೋರು ಇಳಿಕೆಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ. 2,850ಕ್ಕೆ ಇಡಿ.

ಪ್ರಶ್ನೆ: ‘ಲಿಕ್ವಿಡಿಟಿ ಇಲ್ಲದ ನಾಣ್ಯ ಮುಟ್ಟಬೇಡಿ’ ಎಂದು ಎಲ್ಲರೂ ಹೇಳುತ್ತಾರೆ. 24 ಗಂಟೆಯ ವಹಿವಾಟು ಕೋಟಿಗಟ್ಟಲೆ ಡಾಲರ್ ತೋರಿಸುತ್ತಿದ್ದರೂ ಲಿಕ್ವಿಡಿಟಿ ಇಲ್ಲ ಅನ್ನುವುದು ಹೇಗೆ?
— ಬೆಂಗಳೂರಿನ ಓದುಗರು

ಉತ್ತರ: ಒಳ್ಳೆಯ ಪ್ರಶ್ನೆ. ನಮ್ಮ ಪ್ರಕಾರ ಇಡೀ ವಿಷಯದ ಬೇರು ಇಲ್ಲಿದೆ. ನಿನ್ನೆ ಸಂತೆಯಲ್ಲಿ ಎಷ್ಟು ಮೂಟೆ ಮಾರಾಟವಾಯಿತು ಅನ್ನುವುದು ವಹಿವಾಟು. ಈ ಕ್ಷಣ ನಿಮ್ಮ ಮೂಟೆಯನ್ನು ಇವತ್ತಿನ ದರಕ್ಕೇ ಕೊಳ್ಳಲು ಎಷ್ಟು ಜನ ದುಡ್ಡು ಹಿಡಿದು ನಿಂತಿದ್ದಾರೆ ಅನ್ನುವುದು ಲಿಕ್ವಿಡಿಟಿ. ನಿಮಗೆ ಬೇಕಾಗುವುದು ಎರಡನೆಯದು, ಅದೂ ನೀವು ಅವಸರದಲ್ಲಿರುವ ಕ್ಷಣದಲ್ಲಿ.

ಒಂದು ಸಣ್ಣ ನಾಣ್ಯದ ಬುಕ್ ಹೀಗಿದೆ ಅಂದುಕೊಳ್ಳಿ. ಕೊಳ್ಳುವವರ ಸಾಲಿನಲ್ಲಿ 2.00 ಡಾಲರ್‌ಗೆ 3,000 ನಾಣ್ಯ, 1.99ಕ್ಕೆ 4,000, 1.97ಕ್ಕೆ 5,000, 1.94ಕ್ಕೆ 8,000. ನಿಮ್ಮ ಬಳಿ 20,000 ನಾಣ್ಯದ ಲಾಂಗ್ ಇದೆ, ಪರದೆಯ ಮೇಲೆ ಅದರ ಮೌಲ್ಯ 40,000 ಡಾಲರ್. 10 ಪಟ್ಟಿನಲ್ಲಿ ಮಾರ್ಜಿನ್ 4,000. ಒಂದೇ ಮಾರ್ಕೆಟ್ ಆರ್ಡರ್‌ನಲ್ಲಿ ಹೊರಬಂದರೆ ಈ ನಾಲ್ಕೂ ಸಾಲು ಖಾಲಿಯಾಗಿ ಕೈಗೆ ಬರುವುದು 39,330. ಬೆಲೆ ನಿಮ್ಮ ವಿರುದ್ಧ ಒಂದಿನಿತೂ ಹೋಗದೆ 670 ಡಾಲರ್, ಅಂದರೆ ಮಾರ್ಜಿನ್‌ನ ಆರನೇ ಒಂದು ಭಾಗ, ಬಾಗಿಲು ದಾಟುವುದಕ್ಕೇ ಖರ್ಚಾಯಿತು.

ಈಗ ಅದೇ ಬುಕ್ಕನ್ನು ಗಾಬರಿಯ ನಿಮಿಷದಲ್ಲಿ ನೋಡಿ. ಬುಕ್ ತುಂಬಿಸುವವರು ಮಾರ್ಕೆಟ್ ಮೇಕರ್‌ಗಳು. ಅವರದ್ದು ದಾನವಲ್ಲ, ಬಿಡ್ ಮತ್ತು ಆಸ್ಕ್ ನಡುವಿನ ಚಿಲ್ಲರೆ ಅಂತರದಲ್ಲಿ ದುಡಿಯುವ ವ್ಯಾಪಾರ. ಬೆಲೆ ಒಂದೇ ದಿಕ್ಕಿಗೆ ಓಡತೊಡಗಿದರೆ ಅವರ ಬಾಟ್‌ಗಳು ಮಿಲಿಸೆಕೆಂಡುಗಳಲ್ಲಿ ಆರ್ಡರ್ ಹಿಂತೆಗೆಯುತ್ತವೆ. ಸಾಲು ಈಗ 1.94ಕ್ಕೆ 2,000, 1.90ಕ್ಕೆ 4,000, 1.84ಕ್ಕೆ 6,000, 1.75ಕ್ಕೆ 8,000 ಎಂದಿದೆ. ಅದೇ 20,000 ನಾಣ್ಯಕ್ಕೆ ಈಗ ಸಿಗುವುದು 36,520. ನಿಮ್ಮ 4,000ದಲ್ಲಿ 3,480 ಹೋಯಿತು. ಮತ್ತು ನಿಮ್ಮ ಈ ಮಾರಾಟವೇ ಬೆಲೆಯನ್ನು 1.75ಕ್ಕೆ ಒಯ್ದು, 1.80ರಲ್ಲಿ ಲಿಕ್ವಿಡೇಶನ್ ಬೆಲೆ ಇದ್ದ ಇನ್ನೊಬ್ಬರನ್ನು ಅಪಾಯದ ಅಂಚಿಗೆ ತರುತ್ತದೆ. ಅವರ ಮಾರಾಟ ಮತ್ತೊಬ್ಬರನ್ನು. ಲಿಕ್ವಿಡೇಶನ್ ಸರಪಳಿ ಎನ್ನುವುದು ಇದನ್ನೇ.

ಆದ್ದರಿಂದ ಪೊಸಿಷನ್ ತೆಗೆಯುವ ಮೊದಲು ಬುಕ್ ತೆರೆದು, ಈಗಿನ ಬೆಲೆಯಿಂದ ಶೇ 1ರೊಳಗೆ ಕೊಳ್ಳುವವರ ಕಡೆ ಒಟ್ಟು ಎಷ್ಟು ಡಾಲರ್ ಇದೆ ಎಂದು ಕೂಡಿಸಿ. ನಿಮ್ಮ ಪೊಸಿಷನ್ ಅದರ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಗಾತ್ರ ಇಳಿಸಿ. ಹತ್ತನೇ ಒಂದು ಅನ್ನುವುದು ನಿಯಮವಲ್ಲ, ನಮ್ಮ ಅಂದಾಜು. ಗಾಬರಿಯಲ್ಲಿ ಬುಕ್ ಎಷ್ಟೋ ಪಟ್ಟು ತೆಳುವಾಗುತ್ತದೆ ಎಂಬುದನ್ನು ಗಮನಿಸಿ ಹಾಕಿಕೊಂಡದ್ದು. ಓಪನ್ ಇಂಟರೆಸ್ಟನ್ನೂ (ಇನ್ನೂ ಮುಗಿಯದ ಪೊಸಿಷನ್‌ಗಳ ಒಟ್ಟು ಮೊತ್ತ) ಬುಕ್‌ನ ಆಳದ ಪಕ್ಕದಲ್ಲಿಟ್ಟು ನೋಡಿ. ಬುಕ್‌ನಲ್ಲಿ 2 ಲಕ್ಷ ಡಾಲರ್ ಇದ್ದು ಓಪನ್ ಇಂಟರೆಸ್ಟ್ 3 ಕೋಟಿ ಡಾಲರ್ ಇದ್ದರೆ, ಒಳಗಿರುವ ಜನ ಒಟ್ಟಿಗೆ ಹೊರಬರಲು ಅಲ್ಲಿ ಬಾಗಿಲೇ ಇಲ್ಲ.

ಪ್ರಶ್ನೆ: ಜಿಎಮ್‌ಎಕ್ಸ್‌ನಂಥ ಪೂಲ್ ವೇದಿಕೆಯಲ್ಲಿ ಬುಕ್ ಇಲ್ಲ, ಸ್ಲಿಪೇಜ್ ಇಲ್ಲ ಅನ್ನುತ್ತಾರೆ. ಹಾಗಾದರೆ ಅದೇ ಕ್ಷೇಮವಲ್ಲವೇ?
— ದಾವಣಗೆರೆಯ ಓದುಗರು

ಉತ್ತರ: ಅಲ್ಲಿ ನಿಮ್ಮ ಎದುರು ನಿಲ್ಲುವುದು ಇನ್ನೊಬ್ಬ ಟ್ರೇಡರ್ ಅಲ್ಲ, ಜನ ಹಣ ಹಾಕಿಟ್ಟ ಒಂದು ಪೂಲ್. ಬೆಲೆ ಒರಾಕಲ್‌ನಿಂದ ಬರುತ್ತದೆ. ನೀವು ಗೆದ್ದರೆ ಪೂಲ್ ಕೊಡುತ್ತದೆ, ಸೋತರೆ ಪೂಲ್‌ಗೆ ಸೇರುತ್ತದೆ. 2021ರಲ್ಲಿ ಶುರುವಾದ ಅದರ ಮೊದಲ ಆವೃತ್ತಿಯಲ್ಲಿ ನಿಜವಾಗಿಯೂ ಎಷ್ಟೇ ದೊಡ್ಡ ಪೊಸಿಷನ್ ತೆಗೆದರೂ ಬೆಲೆ ಅಲುಗುತ್ತಿರಲಿಲ್ಲ. ಅದನ್ನೇ ಒಬ್ಬರು 2022ರ ಸೆಪ್ಟೆಂಬರ್‌ನಲ್ಲಿ ಬಳಸಿಕೊಂಡರು. ಅಲ್ಲಿ ಅವಲಾಂಚ್ ನಾಣ್ಯದ ದೊಡ್ಡ ಪೊಸಿಷನ್ ತೆಗೆದು, ಹೊರಗಿನ ವಿನಿಮಯಗಳಲ್ಲಿ ಬೆಲೆ ತಳ್ಳಿ, ಹಾಗೆ ಸರಿದ ಒರಾಕಲ್ ಬೆಲೆಯಲ್ಲಿ ಹೊರಬಂದು, ಪೂಲ್‌ನಿಂದ 5 ಲಕ್ಷ ಡಾಲರ್‌ಗೂ ಹೆಚ್ಚು ಒಯ್ದರು. 2023ರಲ್ಲಿ ಬಂದ ಎರಡನೇ ಆವೃತ್ತಿ ಇದಕ್ಕೇ ಪ್ರೈಸ್ ಇಂಪ್ಯಾಕ್ಟ್ ತಂದಿತು. ಲಾಂಗ್ ಮತ್ತು ಶಾರ್ಟ್ ತಕ್ಕಡಿಯನ್ನು ಇನ್ನಷ್ಟು ವಾಲಿಸುವ ಪೊಸಿಷನ್‌ಗೆ ದಂಡ, ಸಮ ಮಾಡುವುದಕ್ಕೆ ರಿಯಾಯಿತಿ. ಹಾಗಾಗಿ ಸ್ಲಿಪೇಜ್ ಇಲ್ಲ ಎಂಬ ಮಾತು ಈಗ ಹಳೆಯದು.

ಲಿಕ್ವಿಡೇಶನ್ ವಿಷಯದಲ್ಲಿ ಪೂಲ್ ವೇದಿಕೆಯ ಎರಡು ಸೂಕ್ಷ್ಮ ತಿಳಿದಿರಲಿ. ಅಲ್ಲಿ ಪೂಲ್‌ನ ಹಣ ಬಳಸುವುದಕ್ಕೆ ಕೊಡುವ ಬಾರೋಯಿಂಗ್ ಶುಲ್ಕ ಗಂಟೆಗಂಟೆಗೂ ನಿಮ್ಮ ಅಡಮಾನವನ್ನು ಕೊರೆಯುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಇಟ್ಟ ಪೊಸಿಷನ್‌ನ ಲಿಕ್ವಿಡೇಶನ್ ಬೆಲೆ, ಮಾರುಕಟ್ಟೆ ಅಲುಗದಿದ್ದರೂ, ನಿಮ್ಮ ಕಡೆಗೆ ತೆವಳುತ್ತಾ ಬರುತ್ತದೆ. ಎರಡನೆಯದು, ಈಥರ್ ಲಾಂಗ್‌ಗೆ ಈಥರನ್ನೇ ಅಡಮಾನ ಇಟ್ಟರೆ ಬೆಲೆ ಬಿದ್ದಾಗ ಪೊಸಿಷನ್ನೂ ಸೋಲುತ್ತದೆ, ಅಡಮಾನವೂ ಕುಗ್ಗುತ್ತದೆ. ಪರದೆ ತೋರಿಸುವ ಲೆವರೇಜ್‌ಗಿಂತ ನಿಜವಾದ ಅಪಾಯ ಒಂದು ಪಟ್ಟು ಹೆಚ್ಚು. ಲಾಂಗ್ ಹೋಗುವವರು ಯುಎಸ್‌ಡಿಸಿ (1 ಡಾಲರ್‌ಗೆ ಕಟ್ಟಿದ ನಾಣ್ಯ) ಅಡಮಾನ ಇಡುವುದು ಒಳ್ಳೆಯದು.

ಪ್ರಶ್ನೆ: ಲಿಕ್ವಿಡೇಶನ್ ಹತ್ತಿರ ಬಂದಾಗ ಮಾರ್ಜಿನ್ ಸೇರಿಸಬೇಕೋ, ಅರ್ಧ ಪೊಸಿಷನ್ ಮುರಿಯಬೇಕೋ?
— ಕಲಬುರಗಿಯ ಓದುಗರು

ಉತ್ತರ: ಲೆಕ್ಕ ನೋಡಿದರೆ ನಿಮಗೇ ಆಶ್ಚರ್ಯವಾದೀತು. ಮೊದಲ ಪ್ರಶ್ನೆಯ ಈಥರ್ ಲಾಂಗ್ ಕ್ರಾಸ್ ಖಾತೆಯಲ್ಲಿದೆ, ಬೇರೇನೂ ಇಲ್ಲ, ಬೆಲೆ 2,800ಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. 200 ನಷ್ಟ, ಕೈಯಲ್ಲಿ 100. ಇನ್ನೂ 100 ಡಾಲರ್ ತಂದು ಸೇರಿಸಿದರೆ ಲಿಕ್ವಿಡೇಶನ್ ಬೆಲೆ 2,755ರಿಂದ 2,653ಕ್ಕೆ ಇಳಿಯುತ್ತದೆ. ಹಣ ತರದೆ ಅರ್ಧ ಪೊಸಿಷನ್ ಮುರಿದರೆ? ಅದೇ 2,653. ಒಂದು ಡಾಲರ್ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಮುಂದೆ ಅಲ್ಲಿಯವರೆಗೂ ಬಿದ್ದರೆ ಏನಾಗುತ್ತದೆ ಎಂಬುದರಲ್ಲಿ. ಮೊದಲ ದಾರಿಯಲ್ಲಿ 200 ಡಾಲರ್ ಪಣಕ್ಕಿದೆ, ಎರಡನೆಯದರಲ್ಲಿ 100. ಬೆಲೆ ಮೇಲೆದ್ದರೆ ಎರಡನೆಯದರಲ್ಲಿ ಲಾಭ ಅರ್ಧ, ಅದು ನಿಜ. ಆದರೆ ಮುಳುಗುತ್ತಿರುವ ಪೊಸಿಷನ್‌ಗೆ ಮತ್ತೆ ಮತ್ತೆ ಮಾರ್ಜಿನ್ ಸುರಿದು, ಐಸೊಲೇಟೆಡ್ ಹಾಕಿದ್ದ ಉದ್ದೇಶವನ್ನೇ ಕಳೆದುಕೊಂಡವರು ಎಷ್ಟೋ ಜನ. ನಾವು ಮುರಿಯಿರಿ ಎಂದೇ ಹೇಳುತ್ತೇವೆ.

ಒಂದು ಎಚ್ಚರಿಕೆ. ಐಸೊಲೇಟೆಡ್ ಪೊಸಿಷನ್ನನ್ನು ಅರ್ಧ ಮುರಿದಾಗ ಅದಕ್ಕೆ ಕಟ್ಟಿದ್ದ ಮಾರ್ಜಿನ್ನೂ ಅದೇ ಪ್ರಮಾಣದಲ್ಲಿ ಬಿಡುಗಡೆಯಾಗುವ ವೇದಿಕೆಗಳಿವೆ. ಅಂಥ ಕಡೆ ಲಿಕ್ವಿಡೇಶನ್ ಬೆಲೆ ಇದ್ದಲ್ಲೇ ಇರುತ್ತದೆ. ಬಿಡುಗಡೆಯಾದ ಹಣವನ್ನು ನೀವೇ ಮತ್ತೆ ಆ ಪೊಸಿಷನ್‌ಗೆ ಸೇರಿಸಬೇಕು.

ಇದಕ್ಕಿಂತ ಮೇಲು, ಈ ಹಂತಕ್ಕೇ ಬರದಂತೆ ಗಾತ್ರ ನಿರ್ಧರಿಸುವುದು. ಲೆವರೇಜ್‌ನಿಂದ ಶುರು ಮಾಡಬೇಡಿ, ಕಳೆದುಕೊಳ್ಳಲು ಸಿದ್ಧವಿರುವ ಮೊತ್ತದಿಂದ ಶುರು ಮಾಡಿ. 50 ಡಾಲರ್ ಹೋದರೆ ಸಹಿಸಬಲ್ಲೆ, ಸ್ಟಾಪ್ 3,000ದಿಂದ 150 ಡಾಲರ್ ಕೆಳಗೆ ಅಂದರೆ, 50 ಭಾಗಿಸು 150, ಒಂದು ಈಥರ್‌ನ ಮೂರನೇ ಒಂದು ಭಾಗ. ಅಂದರೆ 1,000 ಡಾಲರ್ ಪೊಸಿಷನ್. ಅದಕ್ಕೆ 300 ಡಾಲರ್ ಮಾರ್ಜಿನ್ ಇಟ್ಟರೆ ಲೆವರೇಜ್ ತಾನಾಗಿಯೇ 3.3 ಪಟ್ಟು ಬರುತ್ತದೆ, ಲಿಕ್ವಿಡೇಶನ್ ಸ್ಟಾಪ್‌ನಿಂದ ಎಷ್ಟೋ ದೂರ ಉಳಿಯುತ್ತದೆ.

ಪ್ರಶ್ನೆ: ಬೆಲೆ ನಿಂತಲ್ಲೇ ನಿಂತಿದ್ದರೂ ಮಾರ್ಜಿನ್ ಕರಗುತ್ತಿದೆ. ಯಾರು ತಿನ್ನುತ್ತಿದ್ದಾರೆ?

ಉತ್ತರ: ಫಂಡಿಂಗ್. ಸಾಮಾನ್ಯ ಫ್ಯೂಚರ್ಸ್‌ಗೆ ಎಕ್ಸ್‌ಪೈರಿ (ಮುಗಿಯುವ ದಿನ) ಇರುವುದರಿಂದ ಆ ದಿನ ಅದು ಸ್ಪಾಟ್ ಬೆಲೆಗೆ ಬಂದು ಸೇರಲೇಬೇಕು. 2016ರಲ್ಲಿ ಬಿಟ್‌ಮೆಕ್ಸ್ ಎಂಬ ವಿನಿಮಯ ಜನಪ್ರಿಯಗೊಳಿಸಿದ ಪರ್ಪ್‌ಗೆ ಎಕ್ಸ್‌ಪೈರಿಯೇ ಇಲ್ಲ, ಆದ್ದರಿಂದ ಸ್ಪಾಟ್‌ಗೆ ಕಟ್ಟಿಹಾಕಲು ಒಂದು ಹಗ್ಗ ಬೇಕು. ಪರ್ಪ್ ಬೆಲೆ ಸ್ಪಾಟ್‌ಗಿಂತ ಮೇಲಿದ್ದರೆ ಲಾಂಗ್‌ನವರು ಶಾರ್ಟ್‌ನವರಿಗೆ ಕೊಡುತ್ತಾರೆ, ಕೆಳಗಿದ್ದರೆ ತಿರುಗುಮುರುಗು. ಬುಕ್ ವೇದಿಕೆಗಳಲ್ಲಿ ಈ ಹಣ ಟ್ರೇಡರ್‌ಗಳ ನಡುವೆಯೇ ಕೈಬದಲಾಗುತ್ತದೆ, ವೇದಿಕೆಗಲ್ಲ. ಹೈಪರ್‌ಲಿಕ್ವಿಡ್‌ನಲ್ಲಿ ಪ್ರತಿ ಗಂಟೆಗೊಮ್ಮೆ ಕಡಿತವಾಗುತ್ತದೆ. 8 ಗಂಟೆಗೆ ಶೇ 0.01 ಅಂದರೆ ಕಾಣಲು ಧೂಳಿನಷ್ಟು. ಆದರೆ ಅದು ಬೀಳುವುದು ಮಾರ್ಜಿನ್ ಮೇಲಲ್ಲ, ಪೂರ್ತಿ ಪೊಸಿಷನ್ ಮೇಲೆ. 3,000 ಮಾರ್ಜಿನ್ ಇಟ್ಟು 30,000 ಡಾಲರ್ ಲಾಂಗ್ ಇಟ್ಟವರಿಗೆ ದಿನಕ್ಕೆ 9 ಡಾಲರ್, ತಿಂಗಳಿಗೆ 270. ಮಾರ್ಜಿನ್‌ನ ಶೇ 9. ಪೇಟೆ ಕಾವೇರಿದಾಗ ದರ ಇದರ ಹಲವು ಪಟ್ಟು ಏರುತ್ತದೆ.

ಪ್ರಶ್ನೆ: 2025ರ ಅಕ್ಟೋಬರ್ 10ರ ರಾತ್ರಿ ನನ್ನ ಶಾರ್ಟ್ ಭರ್ಜರಿ ಲಾಭದಲ್ಲಿತ್ತು. ನಾನು ಮುಟ್ಟಲೇ ಇಲ್ಲ, ಅದು ತಾನಾಗಿ ಕ್ಲೋಸ್ ಆಗಿತ್ತು. ಗೆದ್ದವರನ್ನೂ ಲಿಕ್ವಿಡೇಟ್ ಮಾಡುತ್ತಾರೆಯೇ?
— ದುಬೈಯಲ್ಲಿರುವ ಕನ್ನಡಿಗರು

ಉತ್ತರ: ಅದು ಲಿಕ್ವಿಡೇಶನ್ ಅಲ್ಲ, ಎಡಿಎಲ್, ಅಂದರೆ ಆಟೊ ಡಿಲೆವರೇಜಿಂಗ್. ಮೆಟ್ಟಿಲುಗಳಲ್ಲಿ ಕೊನೆಯದು. ಅಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಚೀನಾದ ಮೇಲೆ ಇನ್ನೂ ಶೇ 100 ಸುಂಕ ಘೋಷಿಸಿದ ಮೇಲೆ ಒಂದೇ ದಿನದಲ್ಲಿ ಎಲ್ಲ ವಿನಿಮಯಗಳೂ ಸೇರಿ 1,900 ಕೋಟಿ ಡಾಲರ್‌ಗೂ ಮಿಕ್ಕಿದ ಪೊಸಿಷನ್‌ಗಳು ಲಿಕ್ವಿಡೇಟ್ ಆದವು. ಬುಕ್‌ಗಳಲ್ಲಿ ಕೊಳ್ಳುವವರಿರಲಿಲ್ಲ. ಸೋತ ಖಾತೆಗಳು ಸೊನ್ನೆಗಿಂತ ಕೆಳಗೆ ಹೋದವು.

ಪರ್ಪ್ ಪೇಟೆಯಲ್ಲಿ ಒಬ್ಬರ ಲಾಭ ಇನ್ನೊಬ್ಬರ ನಷ್ಟದಿಂದಲೇ ಬರಬೇಕು. ಸೋತವರ ಬಳಿ ಹಣ ಮುಗಿದು, ಬುಕ್ಕೂ ಎಳೆದುಕೊಳ್ಳದೆ, ನಿಧಿಯೂ ಹೊರಲಾರದ ಹಂತದಲ್ಲಿ ನಿಮ್ಮ ಮುಂದಿನ ಲಾಭಕ್ಕೆ ಎದುರು ಯಾರೂ ಉಳಿದಿರುವುದಿಲ್ಲ. ಆಗ ವ್ಯವಸ್ಥೆ ಎದುರು ಪಕ್ಷದ ಗೆದ್ದವರನ್ನು ಸಾಲಾಗಿ ನಿಲ್ಲಿಸುತ್ತದೆ. ಲಾಭ ಹೆಚ್ಚಿದ್ದು ಲೆವರೇಜ್ ಹೆಚ್ಚಿದ್ದವರು ಮುಂದೆ. ಅವರ ಪೊಸಿಷನ್ನನ್ನು ಸೋತವರ ಪೊಸಿಷನ್ ಜೊತೆ ನೇರ ಹೊಂದಿಸಿ ಮುಗಿಸುತ್ತದೆ. ಅಲ್ಲಿಯವರೆಗಿನ ಲಾಭ ನಿಮಗೆ ಸಿಕ್ಕಿರುತ್ತದೆ, ಮುಂದಿನದು ಸಿಗುವುದಿಲ್ಲ.

ಶಾರ್ಟ್ ಮಾತ್ರ ಇಟ್ಟವರಿಗೆ ಇದು ಬೇಸರವಷ್ಟೇ. ನಿಜವಾದ ಪೆಟ್ಟು ಬೀಳುವುದು ಜೋಡಿ ಪೊಸಿಷನ್ ಇಟ್ಟವರಿಗೆ. ಒಂದು ಕಡೆ ಸ್ಪಾಟ್ ಕೊಂಡು, ಇನ್ನೊಂದು ಕಡೆ ಅಷ್ಟೇ ಶಾರ್ಟ್ ಇಟ್ಟು, ಫಂಡಿಂಗ್ ಮಾತ್ರ ಗಳಿಸುವವರು. ಎಡಿಎಲ್ ಶಾರ್ಟ್‌ನ ಕಾಲನ್ನು ಕತ್ತರಿಸಿದರೆ, ಬೀಳುತ್ತಿರುವ ಪೇಟೆಯಲ್ಲಿ ಸ್ಪಾಟ್ ಒಂದೇ ಬರಿಮೈಯಲ್ಲಿ ಉಳಿಯುತ್ತದೆ. ಅಂಥವರು ಶಾರ್ಟ್ ಕಡೆ ಲೆವರೇಜನ್ನು 1 ಅಥವಾ 2 ಪಟ್ಟಿಗೆ ಇಟ್ಟರೆ ಸಾಲಿನಲ್ಲಿ ಹಿಂದೆ ಬೀಳುತ್ತಾರೆ. ಪೊಸಿಷನ್ ಗಾತ್ರ ಬದಲಾದ ಕೂಡಲೇ ಫೋನಿಗೆ ಸೂಚನೆ ಬರುವಂತೆ ಮಾಡಿಕೊಳ್ಳಬೇಕು.

ಪ್ರಶ್ನೆ: ಟ್ರೇಡಿಂಗ್ ಬೇಡ, ಎಚ್‌ಎಲ್‌ಪಿಯಲ್ಲಿ ಹಣ ಇಟ್ಟರೆ ಎಫ್‌ಡಿಗಿಂತ ಚೆನ್ನಾಗಿ ಬರುತ್ತದೆ ಅನ್ನುತ್ತಾರೆ. ನಿವೃತ್ತಿ ಹಣದ ಒಂದು ಭಾಗ ಇಡಲೇ?
— ಶಿವಮೊಗ್ಗದ ಓದುಗರು

ಉತ್ತರ: ದಯವಿಟ್ಟು ಬೇಡ. ಎಚ್‌ಎಲ್‌ಪಿ ಠೇವಣಿಯಲ್ಲ. ಬೇರೆಯವರು ಎಸೆದ ಪೊಸಿಷನ್‌ಗಳನ್ನು ಹೊತ್ತುಕೊಳ್ಳುವ ವ್ಯಾಪಾರದಲ್ಲಿ ನೀವು ಪಾಲುದಾರರಾಗುತ್ತೀರಿ. ಅನೇಕ ದಿನ ಅದು ಗಳಿಸುತ್ತದೆ, ಒಂದು ದಿನ ಹೊರಲಾರದ್ದು ಬಂದು ಬೀಳುತ್ತದೆ.

2025ರ ಮಾರ್ಚ್ 12ರಂದು ಹಾಗೇ ಆಯಿತು. ಒಬ್ಬ ಟ್ರೇಡರ್ 50 ಪಟ್ಟು ಲೆವರೇಜ್‌ನಲ್ಲಿ ಬಹಳ ದೊಡ್ಡ ಈಥರ್ ಲಾಂಗ್ ತೆಗೆದು, ಅದು ಲಾಭಕ್ಕೆ ಬಂದಾಗ ಮಾರ್ಜಿನ್ನನ್ನು ಹೊರಗೆಳೆದುಕೊಂಡರು. ಅಷ್ಟು ದೊಡ್ಡದನ್ನು ಬುಕ್‌ನಲ್ಲಿ ಮಾರಿದ್ದರೆ ಬೆಲೆ ಬೀಳುತ್ತಿತ್ತು. ಅವರು ಮಾರಲೇ ಇಲ್ಲ, ಲಿಕ್ವಿಡೇಟ್ ಆಗಲು ಬಿಟ್ಟರು. ಪೊಸಿಷನ್ ಎಚ್‌ಎಲ್‌ಪಿಗೆ ಬಂತು, ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ನಿಧಿಗೆ ಸುಮಾರು 40 ಲಕ್ಷ ಡಾಲರ್ ನಷ್ಟ. ಆಮೇಲೆಯೇ ಬಿಟ್‌ಕಾಯಿನ್ ಮಿತಿ 40 ಪಟ್ಟಿಗೂ ಈಥರ್ ಮಿತಿ 25 ಪಟ್ಟಿಗೂ ಇಳಿದದ್ದು. ಎರಡು ವಾರದಲ್ಲಿ, ಮಾರ್ಚ್ 26ರಂದು, ಜೆಲ್ಲಿ ಎಂಬ ಪುಟ್ಟ ನಾಣ್ಯದ ಶಾರ್ಟ್ ಒಂದನ್ನು ಹೀಗೇ ನಿಧಿಯ ಕೊರಳಿಗೆ ಕಟ್ಟಿ ಹೊರಗಡೆ ಆ ನಾಣ್ಯದ ಬೆಲೆ ಏರಿಸಲಾಯಿತು. ವ್ಯಾಲಿಡೇಟರ್‌ಗಳು ಮತ ಹಾಕಿ ಆ ನಾಣ್ಯವನ್ನೇ ಪಟ್ಟಿಯಿಂದ ತೆಗೆದು, 0.0095 ಡಾಲರ್‌ಗೆ ಎಲ್ಲರ ಲೆಕ್ಕ ಮುಗಿಸಿದರು. ನಿಧಿ ಬಚಾವಾಯಿತು. ಆದರೆ ವಿಕೇಂದ್ರಿತ ಎಂಬ ಹೆಸರಿದ್ದರೂ ಕೆಲವೇ ವ್ಯಾಲಿಡೇಟರ್‌ಗಳು ಸೇರಿ ನಿಮ್ಮ ಮುಕ್ತಾಯದ ಬೆಲೆ ನಿರ್ಧರಿಸಬಲ್ಲರು ಎಂಬುದೂ ಅಂದು ಎಲ್ಲರಿಗೂ ಕಂಡಿತು. ಠೇವಣಿ ಹಾಕಿದ ಮೇಲೆ 4 ದಿನ ಹಿಂತೆಗೆಯಲಾಗದು ಎಂಬುದನ್ನೂ ಸೇರಿಸಿ ಯೋಚಿಸಿ. ಬ್ಯಾಂಕ್ ಎಫ್‌ಡಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಇಲ್ಲಿ ಅಂಥದ್ದೇನೂ ಇಲ್ಲ.

ಪ್ರಶ್ನೆ: ನಷ್ಟವನ್ನು ತೆರಿಗೆಯಲ್ಲಿ ತೋರಿಸಿ ಕಳೆದುಕೊಳ್ಳಬಹುದೇ?

ಉತ್ತರ: 2022ರ ಹಣಕಾಸು ಕಾಯ್ದೆಯಿಂದ ಬಂದ ನಿಯಮದ ಪ್ರಕಾರ ಕ್ರಿಪ್ಟೊ ಆಸ್ತಿಯ ವರ್ಗಾವಣೆಯ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಮಾರಾಟದ ಮೇಲೆ ಶೇ 1 ಟಿಡಿಎಸ್ ಬೇರೆ. ಅಡಮಾನಕ್ಕೆಂದು ಈಥರ್ ಮಾರಿ ಯುಎಸ್‌ಡಿಸಿ ಮಾಡಿಕೊಂಡರೆ ಅದೂ ಒಂದು ವರ್ಗಾವಣೆಯೇ. ಪರ್ಪ್ ಒಪ್ಪಂದದ ಲಾಭ ನಷ್ಟವನ್ನು ಯಾವ ತಲೆಬರಹದಲ್ಲಿ ತೋರಿಸಬೇಕೆಂದು ನಿಮ್ಮ ಸಿಎ ಜೊತೆ ಕೂತು ಬರೆದಿಟ್ಟುಕೊಳ್ಳಿ. ವೇದಿಕೆಯಿಂದ ಟ್ರೇಡ್, ಫಂಡಿಂಗ್, ಲಿಕ್ವಿಡೇಶನ್ ಮೂರರ ಫೈಲನ್ನೂ ಪ್ರತಿ ತಿಂಗಳು ಇಳಿಸಿಡಿ. ವಿಕೇಂದ್ರಿತ ವೇದಿಕೆ ನಿಮಗೆ ವರ್ಷದ ಕೊನೆಗೆ ಸ್ಟೇಟ್‌ಮೆಂಟ್ ಅಂಚೆಯಲ್ಲಿ ಕಳಿಸುವುದಿಲ್ಲ.

ಪ್ರಶ್ನೆ: ಹೈಪರ್‌ಲಿಕ್ವಿಡ್‌ಗೆ ಪರೀಕ್ಷೆಗೆಂದು 3 ಯುಎಸ್‌ಡಿಸಿ ಕಳಿಸಿದೆ, ಬರಲಿಲ್ಲ. ಟೆಲಿಗ್ರಾಮ್‌ನಲ್ಲಿ ಒಬ್ಬರು, ಅದನ್ನೂ ಹಿಂದೆ ಲಿಕ್ವಿಡೇಟ್ ಆದ ಹಣವನ್ನೂ ಮರಳಿ ಕೊಡಿಸುತ್ತೇನೆ ಎಂದು ವಾಲೆಟ್ ಕನೆಕ್ಟ್ ಮಾಡಲು ಹೇಳುತ್ತಿದ್ದಾರೆ.
— ಉಡುಪಿಯ ಓದುಗರು

ಉತ್ತರ: ಕನೆಕ್ಟ್ ಮಾಡಬೇಡಿ, ಅವರನ್ನು ಈಗಲೇ ಬ್ಲಾಕ್ ಮಾಡಿ. ಆರ್ಬಿಟ್ರಮ್ ಎಂಬ ಬ್ಲಾಕ್‌ಚೈನ್‌ನಿಂದ ಹಣ ದಾಟಿಸುವ ಸೇತುವೆಯ ಮೂಲಕ ಕಳಿಸುವಾಗ ಕನಿಷ್ಠ 5 ಯುಎಸ್‌ಡಿಸಿ ಇರಬೇಕು. ಅದಕ್ಕಿಂತ ಕಡಿಮೆ ಕಳಿಸಿದ್ದು ಖಾತೆಗೆ ಬರುವುದೂ ಇಲ್ಲ, ವಾಪಸ್ ಸಿಗುವುದೂ ಇಲ್ಲ. ಪರೀಕ್ಷೆಗೆ 10 ಕಳಿಸಿ ನೋಡಿ. ಲಿಕ್ವಿಡೇಶನ್‌ನಲ್ಲಿ ಹೋದ ಹಣ ಆ ಕ್ಷಣವೇ ಎದುರಿನ ಟ್ರೇಡರ್‌ಗೋ ನಿಧಿಗೋ ಸೇರಿಹೋಗಿದೆ, ಅದನ್ನು ಹಿಂತಿರುಗಿಸುವ ಬಟನ್ ಯಾರ ಬಳಿಯೂ ಇಲ್ಲ. ಅವರು ಕೇಳುತ್ತಿರುವ ಸಹಿ ನಿಮ್ಮ ವಾಲೆಟ್‌ನಲ್ಲಿ ಉಳಿದಿರುವುದನ್ನು ಖರ್ಚು ಮಾಡಲು ಕೊಡುವ ಅನುಮತಿ. ಈಗಾಗಲೇ ಸಹಿ ಮಾಡಿದ್ದರೆ, ಇದನ್ನು ಓದಿ ಮುಗಿಸುವ ಮೊದಲೇ ಉಳಿದ ಹಣವನ್ನು ಹೊಸ ಸೀಡ್ ಪದಗಳಿಂದ (ವಾಲೆಟ್ ತೆರೆಯುವ ಗುಪ್ತ ಪದಗಳು) ಮಾಡಿದ ಬೇರೆ ವಾಲೆಟ್‌ಗೆ ವರ್ಗಾಯಿಸಿ, ಆಮೇಲೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.